ಮುಳ್ಳು ಏರದ ಬೆಳಿಗ್ಗೆ

ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರಿನ ಮುಳ್ಳು ನಮ್ಮ ಕಡೆ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಏರಿರುತ್ತದೆ, ಮಧ್ಯಾಹ್ನ ನಾಲ್ಕರ ಸುಮಾರಿಗೆ ಇಳಿದಿರುತ್ತದೆ. ರಾತ್ರಿ ಮತ್ತೆ ಹಾಗೆಯೇ. ಮಲಗಿದ ಮಗುವಿನ ಎದೆಯ ಹಾಗೆ ಅದು ತನ್ನ ಪಾಡಿಗೆ ತಾನು ಏರಿಳಿಯುತ್ತಿರುತ್ತದೆ. ಏರಬೇಕಾದ ಹೊತ್ತಿಗೆ ಅದು ಏರದಿದ್ದರೆ, ದೂರದಲ್ಲೆಲ್ಲೋ ದೊಡ್ಡದೇನೋ ಗಾಳಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದೆ ಎಂದು ತಿಳಿಯಬೇಕು.

ಕಳೆದ ರಾಗಿ ಕುಯ್ಲಿನ ಕಾಲದಲ್ಲಿ ಒಂದು ಬೆಳಿಗ್ಗೆ ಅದು ಏರಲಿಲ್ಲ. ನಾನು ನೋಡಿದೆ. ನೋಡಿಯೂ, ಕೇಳಿದವಳಿಗೆ ಬೇರೆಯೇ ಹೇಳಿದೆ. ನಾನು ಓದಿದ್ದು ಹೈಸ್ಕೂಲಿನವರೆಗೆ, ಬರೆಯುವ ಅಭ್ಯಾಸವಿಲ್ಲ. ಆದರೂ ಇದನ್ನು ಬಾಯಲ್ಲಿ ಹೇಳಿ ಹೇಳಿ ಸ್ವಲ್ಪ ಸ್ವಲ್ಪ ನನ್ನ ಕಡೆಗೇ ವಾಲಿಸಿಕೊಳ್ಳುತ್ತಿದ್ದೇನೆ ಎಂದು ಗೊತ್ತಾದ ಮೇಲೆ, ಇದ್ದದ್ದು ಇದ್ದ ಹಾಗೆ ಬರೆದುಬಿಡೋಣ ಎಂದು ಕೂತಿದ್ದೇನೆ.

ಆ ಬ್ಯಾರೋಮೀಟರು ನನ್ನ ಕೈಗೆ ಬಂದದ್ದು ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಿಂದ. ಅಲ್ಲಿ ನನ್ನ ಕೆಲಸ ಪ್ರೆಷರ್ ಗೇಜುಗಳನ್ನು ಪರೀಕ್ಷೆ ಮಾಡುವುದು. ಬಾಯ್ಲರಿನದೋ ಕಂಪ್ರೆಸರಿನದೋ ಗೇಜು ಬಂದರೆ ಅದನ್ನು ಸರಿಯೆಂದು ಖಾತ್ರಿಯಾದ ಮಾಸ್ಟರ್ ಗೇಜಿನ ಪಕ್ಕ ಕೂರಿಸಿ, ಎರಡೂ ಒಂದೇ ಅಂಕಿ ತೋರಿಸುತ್ತವೆಯೇ ಎಂದು ನೋಡುವುದು. ಆ ಕೆಲಸದಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ ಒಂದಿದೆ: ಗೇಜು ತೋರಿಸುವ ಅಂಕಿ ನಿನಗೆ ಇಷ್ಟವಾಗಲಿಲ್ಲ ಎಂದು ಗೇಜು ಕೆಟ್ಟಿದೆ ಅನ್ನಬೇಡ, ಮೊದಲು ಮಾಸ್ಟರಿಗೆ ಹಾಕಿ ನೋಡು. ಪರೀಕ್ಷೆಯ ಕೋಣೆಯಲ್ಲಿ ತೂಗುಹಾಕಿದ್ದ ಬ್ಯಾರೋಮೀಟರಿನ ಗಾಜು ಬಿರುಕು ಬಿಟ್ಟಾಗ ಮಾಲೀಕರು ಎಸೆಯಿರಿ ಎಂದರು. ನಾನು ಮನೆಗೆ ತಂದೆ. ಶೆಟ್ಟಿಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ, ಕ್ಯಾಲೆಂಡರಿನ ಪಕ್ಕ, ಈಗಲೂ ಅದು ತೂಗುತ್ತಿದೆ.

ನಿವೃತ್ತನಾದ ಮೇಲೆ ಮೊಬೈಲಿನಲ್ಲಿ ಉಪಗ್ರಹದ ಮೋಡದ ಚಿತ್ರ ನೋಡುವುದು, ಮುಳ್ಳು ನೋಡುವುದು, ಎರಡನ್ನೂ ಸೇರಿಸಿ ಊಹಿಸುವುದು ಒಂದು ಹುಚ್ಚಾಯಿತು. ಈ ಹುಚ್ಚನ್ನು ಕೆಲಸವನ್ನಾಗಿ ಮಾಡಿದವಳು ಅಮೃತೂರಿನ ಕಡೆಯ ಒಬ್ಬ ಹೆಣ್ಣುಮಗಳು. ಅವಳ ಗಂಡ ನಮ್ಮ ಕಾರ್ಖಾನೆಗೆ ಲಾರಿ ಓಡಿಸುತ್ತಿದ್ದವನು. ಅವನು ತಿಂಗಳಲ್ಲಿ ಬಹಳ ದಿನ ರಸ್ತೆಯ ಮೇಲೆಯೇ ಇರುವುದರಿಂದ ಹೊಲ, ಎರಡು ಹಸು, ಅತ್ತೆ, ಇಬ್ಬರು ಮಕ್ಕಳು ಎಲ್ಲವೂ ಅವಳ ತಲೆಯ ಮೇಲೆ. ಅವಳು ಒಂದು ದಿನ ಫೋನ್ ಮಾಡಿ, "ಅಪ್ಪಾಜಿ, ನಾಳೆ ಗೊಬ್ರ ಹಾಕ್ಬೇಕು, ಮಳೆ ಬಂದಾದಾ?" ಎಂದು ಕೇಳಿದಳು. ಇಲ್ಲ ಎಂದೆ. ಬರಲಿಲ್ಲ. ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಆಮೇಲೆ ಅವಳೇ ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿ ತನ್ನ ಊರಿನವರನ್ನೂ, ಗುಬ್ಬಿಯ ಕಡೆಯ ತನ್ನ ತವರಿನವರನ್ನೂ ಸೇರಿಸಿದಳು. ದಿನಾ ಬೆಳಿಗ್ಗೆ ನಾನು ಅದರಲ್ಲಿ ಧ್ವನಿಸಂದೇಶ ಹಾಕುತ್ತಿದ್ದೆ. ಕೆಲವರು ನನ್ನನ್ನು ಗೇಜ್ ತಾತ ಎಂದು ಕರೆಯತೊಡಗಿದರು. ನನಗೆ ಆ ಹೆಸರು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ದೀಪಾವಳಿ ಕಳೆದು ರಾಗಿ ತೆನೆ ಕಂದುಬಣ್ಣಕ್ಕೆ ತಿರುಗುತ್ತಿದ್ದಾಗ ಬಂಗಾಳಕೊಲ್ಲಿಯಲ್ಲಿ ಮೊದಲನೆಯ ಚಂಡಮಾರುತ ಹುಟ್ಟಿತು. ಅದು ಹೇಗೆ ಹುಟ್ಟುತ್ತದೆ ಎಂದು ಗ್ರೂಪಿನಲ್ಲಿ ಬಿಡಿಸಿ ಹೇಳಿದೆ. ಮುದ್ದೆಗೆ ಇಟ್ಟ ಎಸರನ್ನು ನೆನಪಿಸಿಕೊಳ್ಳಿ ಎಂದೆ. ಆ ಕಾಲದಲ್ಲಿ ಸಮುದ್ರದ ಮೇಲ್ಪದರ ಬೆಚ್ಚಗಿರುತ್ತದೆ. ನೀರು ಆವಿಯಾಗಿ ಮೇಲೇಳುತ್ತದೆ. ಮೇಲೆ ಹೋಗಿ ತಣ್ಣಗಾಗಿ ಮೋಡವಾಗುವಾಗ, ಆವಿಯಾಗಲು ಪಡೆದಿದ್ದ ಬಿಸಿಯನ್ನೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಬಾಯ್ಲರಿನ ಹಬೆ ನನ್ನ ಮಣಿಕಟ್ಟಿನ ಮೇಲೆ ನೀರಾದಾಗ ಬಿಟ್ಟುಹೋದ ಕಲೆ ಇನ್ನೂ ಇದೆ. ಕುದಿಯುವ ನೀರು ಅಷ್ಟು ಸುಡುವುದಿಲ್ಲ, ಹಬೆ ನೀರಾಗುವಾಗ ಸುಡುತ್ತದೆ. ಆ ಬಿಸಿಗೆ ಮೇಲಿನ ಗಾಳಿ ಇನ್ನೂ ಹಗುರಾಗಿ ಇನ್ನೂ ಮೇಲೇರುತ್ತದೆ. ಕೆಳಗೆ ಒತ್ತಡ ಕುಸಿಯುತ್ತದೆ. ಕುಸಿದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ, ಭೂಮಿ ತಿರುಗುತ್ತಿರುವುದರಿಂದ ನೇರ ಬರಲಾರದೆ ಸುತ್ತಿಕೊಂಡು ಬರುತ್ತದೆ, ಬರುವಾಗ ಸಮುದ್ರದಿಂದ ಮತ್ತಷ್ಟು ಆವಿ ಹೊತ್ತು ತರುತ್ತದೆ. ಮೊದಲು ಬರೀ ತಗ್ಗು ಒತ್ತಡ, ಆಮೇಲೆ ವಾಯುಭಾರ ಕುಸಿತ, ಗಾಳಿಯ ವೇಗ ಇನ್ನೂ ಹೆಚ್ಚಿದರೆ ಚಂಡಮಾರುತ. ಒಲೆಯೂ ಅದೇ, ಉರುವಲೂ ಅದೇ, ತನ್ನನ್ನು ತಾನೇ ಊದಿಕೊಳ್ಳುವ ಬೆಂಕಿ ಅದು.

"ಇದು ನಮ್ಮ ಕಡೆ ಬರುತ್ತೆ, ರಾಗಿ ಕುಯ್ಯಬೇಡಿ, ಒಂದು ವಾರ ತಡೀರಿ," ಎಂದು ಮುಗಿಸಿದೆ.

ಅದು ಬರಲಿಲ್ಲ. ಮೇಲುಮಟ್ಟದಲ್ಲಿ ಬೀಸುತ್ತಿದ್ದ ಜೋರುಗಾಳಿ ಅದರ ತಲೆಯನ್ನು ಒಂದು ಕಡೆಗೂ ಬುಡವನ್ನು ಇನ್ನೊಂದು ಕಡೆಗೂ ಎಳೆಯಿತು, ಉಳಿದದ್ದು ಉತ್ತರಕ್ಕೆ ತಿರುಗಿ ಹೋಯಿತು. ನಮ್ಮಲ್ಲಿ ಬಿಸಿಲು ಕಾಯಿತು. ತಡೆದವರ ಹೊಲದಲ್ಲಿ ತೆನೆ ಬಲಿತು ಕಾಳು ಉದುರಿತು, ಗುಬ್ಬಚ್ಚಿ ಗಿಳಿಗಳಿಗೆ ಹಬ್ಬವಾಯಿತು. ಗುಬ್ಬಿಯ ಕಡೆಯ ಒಬ್ಬ ಟ್ರ್ಯಾಕ್ಟರಿನವನು ಗ್ರೂಪಿನಲ್ಲಿ ಧ್ವನಿ ಹಾಕಿದ: "ತಾತ, ನಿಮ್ ಸೈಕ್ಲೋನು ಬಸ್ ಮಿಸ್ ಮಾಡ್ಕಂಡಂಗೈತೆ. ನಾವೆಲ್ಲ ಗುಬ್ಬಿ ಬಸ್‌ಸ್ಟ್ಯಾಂಡ್‌ನಾಗೆ ಹಾರ ಹಿಡ್ಕಂಡು ನಿಂತಿದೀವಿ, ಬೇಗ ಕಳ್ಸಿ." ಹಿಂದೆ ಯಾರೋ ನಗುವುದು ಕೇಳಿಸಿತು. ಇನ್ನೊಬ್ಬ, "ಮುಳ್ಳಿಗೂ ವಯಸ್ಸಾಗೈತೆ ಬುಡ್ರಲಾ," ಎಂದ. ಅಮೃತೂರಿನ ಹೆಣ್ಣುಮಗಳು ಮಾತ್ರ, "ತಮಾಷೆ ಸಾಕು ಮಾಡ್ರಿ, ಅಪ್ಪಾಜಿ ಏನು ಸಂಬ್ಳಕ್ಕೆ ಹೇಳ್ತಾವ್ರಾ?" ಎಂದು ಬೈದಳು. ಅವಳು ಬೈದದ್ದೇ ನನಗೆ ಹೆಚ್ಚು ಚುಚ್ಚಿತು.

ನನ್ನ ಹೆಂಡತಿ ಅಡುಗೆಮನೆಯಿಂದಲೇ ಎಲ್ಲ ಕೇಳಿಸಿಕೊಂಡು, "ಬಂಗಾಳಕೊಲ್ಲಿ ನೋಡ್ಕಳಕ್ಕೆ ಸರ್ಕಾರದೋರವ್ರೆ. ನೀವು ಹೋಗಿ ಹಾಲು ತನ್ನಿ," ಎಂದಳು. ಹಾಲು ತರಲು ಹೋದೆ. ದಾರಿಯುದ್ದಕ್ಕೂ ಆ ನಗುವನ್ನೇ ನೆನೆಯುತ್ತಿದ್ದೆ.

ಎರಡನೆಯದು ಹುಟ್ಟಿದ್ದು ಅದಾದ ಸ್ವಲ್ಪ ದಿನಕ್ಕೆ, ಇನ್ನೂ ಕೆಳಗೆ, ತಮಿಳುನಾಡಿನ ಕರಾವಳಿಗೆ ಹತ್ತಿರದಲ್ಲಿ. ಹವಾಮಾನ ಇಲಾಖೆಯವರು ದಕ್ಷಿಣ ಒಳನಾಡಿಗೂ ಮಳೆಯ ಎಚ್ಚರಿಕೆ ಕೊಟ್ಟರು. ನನ್ನ ಮನೆಯ ಮೇಲಿನ ಆಕಾಶ ಮಾತ್ರ ತೊಳೆದ ಹಾಗಿತ್ತು. ಒಣಗಾಳಿ, ಬೆಳಿಗ್ಗೆ ಚಳಿ. ಈ ಶುಭ್ರತೆ ಎಲ್ಲಿಂದ ಬಂತೆಂದು ನನಗೆ ತಿಳಿದಿತ್ತು. ಸಮುದ್ರದ ಮೇಲೆ ಅಷ್ಟೆತ್ತರಕ್ಕೆ ಏರಿದ ಗಾಳಿ ಎಲ್ಲಾದರೂ ಇಳಿಯಲೇಬೇಕು. ಅದು ಇಳಿಯುವ ಕಡೆ ಮೋಡ ಕಟ್ಟುವುದಿಲ್ಲ. ನಾವು ಅದು ಇಳಿಯುವ ಕಡೆ ಇದ್ದೆವು. ಎಂದರೆ, ನಮ್ಮ ಮೇಲಿನ ಆ ನೀಲಿ ಆಕಾಶ ಕೂಡ ಅದರ ಮೈಯ ಒಂದು ಭಾಗವೇ ಆಗಿತ್ತು.

ಇಷ್ಟು ತಿಳಿದೂ ಅವತ್ತು ನಾನು ಗ್ರೂಪಿನಲ್ಲಿ ಹೇಳಿದ್ದು ಇದು: "ಕರಾವಳಿ ದಾಟಿದ ಮೇಲೆ ಅದಕ್ಕೆ ಬೆಚ್ಚಗಿನ ನೀರು ಸಿಗಲ್ಲ. ಉರುವಲಿಲ್ಲದ ಒಲೆ, ಆರಿಹೋಗುತ್ತೆ. ಇಲಾಖೆಯವರು ಹೇಳ್ತಾನೇ ಇರ್ತಾರೆ. ಧೈರ್ಯವಾಗಿ ಕುಯ್ಯಿರಿ."

ಇಲಾಖೆಯವರ ಮೇಲಿನ ಆ ಮಾತು ಬೇಕಿರಲಿಲ್ಲ. ಜನ ನಕ್ಕರು. ಈ ಸಲ ನನ್ನ ಜೊತೆ ನಕ್ಕರು. ಟ್ರ್ಯಾಕ್ಟರಿನವನು, "ಇದು ಮಾತು ತಾತ," ಎಂದ.

ಒಲೆ ಆರುತ್ತದೆ ಎಂದದ್ದು ಸುಳ್ಳಲ್ಲ. ನೆಲಕ್ಕೆ ಬಂದರೆ ಅದರ ಗಾಳಿ ಕುಗ್ಗುತ್ತದೆ. ಅದು ಹೊತ್ತು ತಂದ ನೀರು ಎಲ್ಲಿಗೆ ಹೋಗಬೇಕು ಎಂದು ಮಾತ್ರ ನಾನು ಯೋಚಿಸಲಿಲ್ಲ. ಬಲವಾಗಿದ್ದಾಗ ಬಿಗಿಯಾಗಿ ಸುತ್ತಿಕೊಂಡಿರುವುದು ಬಲ ಕುಂದಿದಾಗ ಸಡಿಲಾಗಿ ಹರಡಿಕೊಳ್ಳುತ್ತದೆ. ಹರಡಿಕೊಂಡು ನಿಧಾನವಾಗಿ ಒಳನಾಡಿನ ಮೇಲೆ ತೆವಳುತ್ತದೆ. ನಮ್ಮಂಥ ಸಮುದ್ರ ಕಾಣದ ಊರುಗಳಿಗೆ ಭಯ ಇರುವುದು ಅದು ಬಲಿಷ್ಠವಾಗಿರುವಾಗಲ್ಲ, ಸೋತು ಬರುವಾಗ. ಈಗ ಇದನ್ನು ಎಷ್ಟು ಚೆನ್ನಾಗಿ ಬರೆಯುತ್ತಿದ್ದೇನೆ ನೋಡಿ.

ಅದು ಕರಾವಳಿಯ ಹತ್ತಿರ ಬಂದು ನಿಂತುಬಿಟ್ಟಿತು. ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ, ಅರ್ಧ ಮೈ ನೀರಿನ ಮೇಲೆ, ಅರ್ಧ ಮೈ ನೆಲದ ಮೇಲೆ. ದಿನಾ ಚಿತ್ರ ನೋಡುತ್ತಿದ್ದೆ, ದಿನಾ ಅಲ್ಲೇ ಇತ್ತು. ಸಮುದ್ರದ ನೀರು ಕುಡಿಯುತ್ತಿತ್ತು.

ಆ ವಾರ ನೆಂಟರ ಮನೆಯ ಕಾರ್ಯಕ್ಕೆ ಕುಣಿಗಲ್ಲಿಗೆ ಹೋಗಬೇಕಾಯಿತು. ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡೂ ಬದಿಯ ಹೊಲಗಳಲ್ಲಿ ರಾಗಿ ಕುಯ್ದು ಹಾಕಿದ್ದರು. ನಮ್ಮ ಕಡೆ ಕುಯ್ದ ರಾಗಿಯನ್ನು ಹಿಡಿ ಹಿಡಿಯಾಗಿ ನೆಲದ ಮೇಲೆಯೇ ಒಣಗಲು ಬಿಡುತ್ತಾರೆ, ಅದಕ್ಕೆ ಅರಿ ಎನ್ನುತ್ತಾರೆ. ಸಾಲು ಸಾಲು ಅರಿ, ತೆನೆಗಳೆಲ್ಲ ಒಂದೇ ಕಡೆಗೆ ತಲೆ ಮಾಡಿ ಮಲಗಿದ್ದವು. ಎಲ್ಲರೂ ನನ್ನ ಮಾತು ಕೇಳಿ ಕುಯ್ದವರಲ್ಲ ನಿಜ. ಆದರೆ ಅವತ್ತು ನನಗೆ ಇಡೀ ಸೀಮೆ ನನ್ನ ಒಂದು ಮಾತಿಗೆ ಅಂಗಾತ ಮಲಗಿದ ಹಾಗೆ ಕಂಡಿತು. ಮೊದಲು ಹೆಮ್ಮೆಯೆನಿಸಿತು. ಆಮೇಲೆ ತಲೆಯೆತ್ತಿ ನೋಡಿದೆ. ಸೂರ್ಯನ ಸುತ್ತ ಒಂದು ದೊಡ್ಡ ಬಳೆ. ಬಹಳ ಎತ್ತರದಲ್ಲಿ, ತೆಳ್ಳಗಿನ ಬಟ್ಟೆ ಹಾಸಿದಂಥ ಮೋಡ ಬಂದಾಗ ಮಾತ್ರ ಹಾಗೆ ಬಳೆ ಕಟ್ಟುತ್ತದೆ, ಅದರ ಹಿಂದೆ ಮಳೆಯ ಮೋಡ ಬರುತ್ತದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ, "ಏನ್ರೀ, ಬಿಸ್ಲು ಮಂಕಾಯ್ತಲ್ಲ," ಎಂದಳು. "ಧೂಳು," ಎಂದೆ.

ಮರುದಿನದ ಬೆಳಿಗ್ಗೆಯೇ ನಾನು ಹೇಳಬೇಕೆಂದಿರುವ ಬೆಳಿಗ್ಗೆ.

ಹತ್ತರ ಸುಮಾರಿಗೆ ಬ್ಯಾರೋಮೀಟರಿನ ಮುಂದೆ ನಿಂತೆ. ಅದನ್ನು ಓದುವ ಮುಂಚೆ ಗಾಜಿನ ಮೇಲೆ ಉಗುರಿನಿಂದ ಮೆಲ್ಲಗೆ ತಟ್ಟಬೇಕು, ಮುಳ್ಳು ಸಿಕ್ಕಿಕೊಂಡಿದ್ದರೆ ಬಿಡಿಸಿಕೊಳ್ಳಲಿ ಎಂದು. ಮುಳ್ಳು ಹಿಂದಿನ ದಿನ ಇಳಿದಿದ್ದ ಜಾಗದಲ್ಲಿಯೇ ಇತ್ತು. ತಟ್ಟಿದೆ. ಮೇಲೇರಲಿಲ್ಲ. ಸಣ್ಣಗೆ ನಡುಗಿ ಇನ್ನೊಂದು ಗೆರೆ ಕೆಳಗೆ ಹೋಗಿ ನಿಂತಿತು.

ಬಿರುಕು ಬಿಟ್ಟ ಗಾಜು, ಹಳೆಯ ಯಂತ್ರ, ಕೆಟ್ಟಿರಬೇಕು ಎಂದುಕೊಂಡೆ. ಹೇಳಬೇಡಿ ಎಂದು ಜೀವಮಾನವಿಡೀ ಬೇರೆಯವರಿಗೆ ಕಲಿಸಿದ ಮಾತನ್ನೇ ನಾನು ನನಗೆ ಹೇಳಿಕೊಂಡೆ. ಮಾಸ್ಟರ್ ಗೇಜು ದೂರವೇನೂ ಇರಲಿಲ್ಲ. ಬೆಂಗಳೂರಿನ ಹವಾಮಾನ ಕೇಂದ್ರದ ಒತ್ತಡದ ಅಂಕಿ ಮೊಬೈಲಿನಲ್ಲೇ ಸಿಗುತ್ತದೆ. ಮೊಬೈಲು ಜೇಬಿನಲ್ಲಿತ್ತು. ತೆಗೆದು ನೋಡಿದರೆ ಏನು ಕಾಣುತ್ತದೆಂದು ಗೊತ್ತಿತ್ತು, ಅದಕ್ಕೇ ತೆಗೆಯಲಿಲ್ಲ. ಮೊದಲ ಸಲ ಬರುತ್ತದೆ ಎಂದೆ, ಬರಲಿಲ್ಲ. ಎರಡನೆಯ ಸಲ ಬರುವುದಿಲ್ಲ ಎಂದೆ. ಈಗ ಬರುತ್ತದೆ ಎಂದರೆ ಆ ನಗು ಎಷ್ಟು ದಿನ ಕೇಳಬೇಕು? ನಾಲ್ಕು ಗಂಟೆಗೆ ಇನ್ನೊಂದು ಸಲ ನೋಡಿ ಹೇಳಿದರಾಯಿತು ಎಂದು ನಿರ್ಧರಿಸಿದೆ.

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅಮೃತೂರಿನ ಹೆಣ್ಣುಮಗಳು.

"ಅಪ್ಪಾಜಿ, ಮೆದೆ ಹಾಕ್ಬುಡ್ಲಾ? ಮುಯ್ಯಾಳು ಬಂದು ಜಗ್ಲಿ ಮ್ಯಾಲೆ ಕುಂತವ್ರೆ."

ಅರಿಯನ್ನು ಕಟ್ಟಿ ತಂದು, ತೆನೆ ಒಳಕ್ಕೂ ಕಡ್ಡಿ ಹೊರಕ್ಕೂ ಇರುವಂತೆ ಗುಂಡಗೆ ಒಟ್ಟಿದರೆ ಅದು ಮೆದೆ. ಎಷ್ಟೇ ಮಳೆ ಬಿದ್ದರೂ ಒಳಗಿನ ತೆನೆಗೆ ನೀರು ಇಳಿಯುವುದಿಲ್ಲ.

"ಒಣಗೈತೇನವ್ವ?" ಎಂದೆ.

"ಅದೇ ನೋಡಿ ತೊಂದ್ರೆ. ಕಡ್ಡಿ ಇನ್ನೂ ಹಸಿ ಐತೆ. ಹಸೀದ್ನೇ ಒಟ್ಟಿದ್ರೆ ಒಳ್ಗೆ ಕಾವಾಗಿ ಬೂಸ್ಲು ಹಿಡೀತದೆ ಅಂತಾರೆ ನಮ್ಮತ್ತೆ. ಬುಟ್ರೆ ಮಳೆ ಭಯ. ಇವತ್ತು ಕಳಿಸ್ಬುಟ್ರೆ ಈ ಆಳು ಮತ್ತೆ ನಂಗೆ ಯಾವಾಗ ಸಿಕ್ತಾರೋ."

ಮುಯ್ಯಾಳು ಕೂಲಿಗೆ ಬಂದವರಲ್ಲ. ಇವತ್ತು ಇವಳ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ಇವಳು. ಊರಿನಲ್ಲಿ ಸರದಿ ಗೊತ್ತಾಗಿರುತ್ತದೆ. ಬಂದ ಸರದಿಯನ್ನು ಬಿಟ್ಟುಕೊಟ್ಟವರು ಸಾಲಿನ ಕೊನೆಗೆ ಹೋಗುತ್ತಾರೆ. ಒಬ್ಬಳೇ ಹೆಂಗಸು ಅಷ್ಟು ಹೊಲದ ರಾಗಿಯನ್ನು ಎತ್ತಿ ಒಟ್ಟುವುದು ಆಗುವ ಮಾತಲ್ಲ. ಇದೆಲ್ಲ ನನಗೆ ತಿಳಿದಿತ್ತು. ಅದು ಮಾರುವ ರಾಗಿಯಲ್ಲ, ಐದು ಜನ ವರ್ಷವೆಲ್ಲ ಉಣ್ಣುವ ರಾಗಿ, ಎರಡು ಹಸು ವರ್ಷವೆಲ್ಲ ಮೇಯುವ ಹುಲ್ಲು ಎಂಬುದೂ ತಿಳಿದಿತ್ತು.

ಅವಳೇ ಮತ್ತೆ ಕೇಳಿದಳು: "ಮುಳ್ಳು ಹೆಂಗೈತೆ ಅಪ್ಪಾಜಿ?"

ಬ್ಯಾರೋಮೀಟರು ನನ್ನ ಕಣ್ಣ ಮುಂದೆಯೇ ಇತ್ತು.

"ಚೆನ್ನಾಗೈತೆ ಕಣವ್ವ," ಎಂದೆ. "ಇನ್ನೆರಡು ದಿನ ಒಣಗ್ಲಿ ಬುಡು."

"ಆಯ್ತು. ನೀವಂದ್ಮೇಲೆ ಆಯ್ತು." ಫೋನನ್ನು ಬಾಯಿಂದ ದೂರ ಮಾಡಿ ಜಗಲಿಯವರಿಗೆ ಅವಳು ಕೂಗಿದ್ದು ಕೇಳಿಸಿತು: "ಎದ್ದೇಳ್ರಪ್ಪ, ಇವತ್ತು ಬ್ಯಾಡ್ವಂತೆ. ಮುಂದ್ಲೋರ ಹೊಲಕ್ಕೆ ಹೋಗಿ." ಯಾವುದೋ ಗಂಡಸು, "ಕಾಫಿನಾದ್ರೂ ಕೊಟ್ಟು ಓಡ್ಸವ್ವ," ಎಂದ. ಎಲ್ಲರೂ ನಕ್ಕರು. ಕರೆ ಕಡಿದುಹೋಯಿತು.

ಮಧ್ಯಾಹ್ನದವರೆಗೆ ನಾನು ಏನು ಮಾಡಿದೆನೋ ನೆನಪಿಲ್ಲ. ಊಟ ಮಾಡಿದ್ದೇನೆ, ಹೆಂಡತಿ ಹೇಳುತ್ತಾಳೆ. ನಾಲ್ಕಕ್ಕೆ ತಟ್ಟಿದಾಗ ಮುಳ್ಳು ನಾನು ಆ ಮನೆಯಲ್ಲಿ ಎಂದೂ ನೋಡಿರದ ಜಾಗಕ್ಕೆ ಇಳಿದಿತ್ತು. ಆಗ ಬೆಂಗಳೂರಿನ ಅಂಕಿ ತೆಗೆದು ನೋಡಿದೆ. ಅಲ್ಲಿಯೂ ಕುಸಿದಿತ್ತು, ಬೆಳಗಿನಿಂದಲೇ ಕುಸಿಯುತ್ತ ಬಂದಿತ್ತು. ಉಪಗ್ರಹದ ಚಿತ್ರದಲ್ಲಿ ಗುಂಡಗಿದ್ದದ್ದು ಒಡೆದ ಮೊಟ್ಟೆಯ ಹಾಗೆ ಹರಡಿಕೊಂಡು ಬೆಟ್ಟಗಳನ್ನು ಹತ್ತಿ ಈ ಕಡೆಗೆ ಬರುತ್ತಿತ್ತು. ಹೊರಗೆ ಬಂದು ನೋಡಿದೆ. ಪೂರ್ವದಲ್ಲಿ ಮೋಡ ಇರಲಿಲ್ಲ, ಬಣ್ಣ ಇತ್ತು. ಸೀಸದ ಬಣ್ಣ. ಗಾಳಿ ಪೂರ್ತಿ ನಿಂತಿತ್ತು. ಎದುರು ಮನೆಯ ತೆಂಗಿನ ಗರಿಗಳು ಚಿತ್ರದಲ್ಲಿ ಬರೆದ ಹಾಗೆ ಅಲುಗದೆ ಇದ್ದವು.

ಹೇಳಲೇಬೇಕು ಎಂದು ಆಗ ನಿರ್ಧರಿಸಿದೆ. ಫೋನು ಹಿಡಿದು, "ನಾನು ಹೇಳಿದ್ದು ತಪ್ಪಾಯಿತು," ಎಂದು ಶುರುಮಾಡಿದೆ. ಅಳಿಸಿದೆ. ಮತ್ತೆ ಶುರುಮಾಡಿದೆ, ಮತ್ತೆ ಅಳಿಸಿದೆ. ಕೊನೆಗೆ ಕಳಿಸಿದ್ದು ಹೀಗಿತ್ತು: "ಎಲ್ಲರೂ ಕೇಳಿ. ಅದು ಇದ್ದಕ್ಕಿದ್ದ ಹಾಗೆ ದಿಕ್ಕು ಬದಲಾಯಿಸಿದೆ. ಈಗ ತಾನೇ ಗೊತ್ತಾಯಿತು. ಕತ್ತಲಾಗುವುದರೊಳಗೆ ಅರಿ ಎತ್ತಿ. ಮೆದೆ ಹಾಕಲಾಗದಿದ್ದರೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿ. ಹಸಿಯಿದ್ದರೂ ಪರವಾಗಿಲ್ಲ."

ಅದು ಯಾವ ದಿಕ್ಕನ್ನೂ ಬದಲಾಯಿಸಿರಲಿಲ್ಲ. ಇಲಾಖೆಯವರು ಹೇಳಿದ ದಾರಿಯಲ್ಲೇ ಬರುತ್ತಿತ್ತು.

ಗುಬ್ಬಿಯ ಟ್ರ್ಯಾಕ್ಟರಿನವನು ಈ ಸಲ ನಗಲಿಲ್ಲ. ಸಂದೇಶ ಕೇಳಿದವನೇ ಟ್ರೈಲರು ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ಓಡಾಡಿದನಂತೆ. ಎತ್ತಿದ ಅರಿಯನ್ನು ಶೆಡ್ಡು, ಜಗಲಿ, ದೇವಸ್ಥಾನದ ಪಡಸಾಲೆ, ಎಲ್ಲಿ ಸಿಕ್ಕಿದರೆ ಅಲ್ಲಿ ಸುರಿದನಂತೆ. ಅಮೃತೂರಿಗೆ ನಾನೇ ಫೋನ್ ಮಾಡಿದೆ. ಅವಳು ಓಡುತ್ತಲೇ ಮಾತಾಡುತ್ತಿದ್ದಳು, ಏದುಸಿರು.

"ಕೇಳಿಸ್ಕಂಡೆ ಅಪ್ಪಾಜಿ. ಆಳೆಲ್ಲ ಕೆರೆ ಆಚ್ಗೆ ಹೋಗವ್ರೆ. ಅವ್ರದ್ದೂ ಬಿದ್ದೈತಲ್ಲ, ಅದ್ನ ಬುಟ್ಟು ಯಾರ್ ಬತ್ತಾರೆ? ನಾನೂ ನಮ್ಮತ್ತೆನೂ ಎತ್ತಾ ಇದೀವಿ."

"ಟಾರ್ಪಾಲು?"

"ಒಂದೈತೆ. ಹಸೀಗೆ ಹಾಸಿರೋದು." ಕೊಟ್ಟಿಗೆಯ ಹಸುವಿಗೆ ಹಾಸಿದ್ದು ಎಂದು. ಆಮೇಲೆ ಅವಳು, "ಮೊದ್ಲನೇ ಹನಿ ಬಿತ್ತು," ಎಂದಳು. ಅಷ್ಟೇ.

ಚಂಡಮಾರುತ ಎಂದರೆ ಮರ ಕೀಳುವ ಗಾಳಿ ಎಂದುಕೊಂಡಿರುತ್ತೇವೆ. ನಮಗೆ ಬಂದದ್ದರಲ್ಲಿ ಗಾಳಿಯೇ ಇರಲಿಲ್ಲ. ಗುಡುಗಿಲ್ಲ, ಮಿಂಚಿಲ್ಲ. ಬೂದುಬಣ್ಣದ ಜಿನುಗು ಮಳೆ, ಎತ್ತರವೇ ಇಲ್ಲದ ಆಕಾಶ. ಒಂದು ಗಳಿಗೆ ನಿಂತ ಹಾಗೆ ಮಾಡುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಜೋರಾಗಿ ಬಂದು ಹೋಗುವ ಮಳೆಯಾಗಿದ್ದರೆ ಮರುದಿನದ ಬಿಸಿಲಿಗೆ ಅರಿ ಒಣಗುತ್ತಿತ್ತು. ಇದು ಹೋಗಲಿಲ್ಲ. ಒದ್ದೆ ನೆಲ, ಬೆಚ್ಚಗಿನ ತೇವ, ಬಿಸಿಲಿಲ್ಲದ ದಿನದ ಮೇಲೆ ದಿನ. ಬೀಜಕ್ಕೆ ಇನ್ನೇನು ಬೇಕು.

ಮಳೆ ಹಿಡಿದಿರುವಾಗಲೇ ಬಸ್ಸು ಹತ್ತಿ ಅಮೃತೂರಿನ ಕಡೆಗೆ ಹೋದೆ. ಹೆಂಡತಿ ಬೇಡ ಎನ್ನಲಿಲ್ಲ, ಛತ್ರಿ ಕೊಟ್ಟಳು. ಊರಿನ ಹಿಂದಿನ ಅವಳ ಹೊಲಕ್ಕೆ ಕಾಲುದಾರಿಯಲ್ಲಿ ನಡೆದು ಬದುವಿನ ಮೇಲೆ ನಿಂತೆ. ಅತ್ತೆ ಸೊಸೆ ಎತ್ತಿದ್ದ ಒಂದೆರಡು ಸಾಲು ಬಿಟ್ಟರೆ ಅರಿ ಹಾಗೇ ಇತ್ತು, ಬಣ್ಣ ಮಾತ್ರ ಬದಲಾಗಿತ್ತು. ಕಂದು ತೆನೆಗಳ ಮೇಲೆ ಹಸಿರು ಗರಿ ಮೂಡಿತ್ತು. ಹತ್ತಿರ ಹೋಗಿ ಬಗ್ಗಿದೆ. ಪ್ರತಿ ತೆನೆಯಲ್ಲೂ, ಬೆರಳು ಮಡಚಿದ ಹಾಗಿರುವ ಪ್ರತಿ ಎಸಳಿನಲ್ಲೂ ಕಾಳು ಮೊಳೆತು ಸೂಜಿಯಂಥ ಹುಲ್ಲಾಗಿ ನಿಂತಿತ್ತು. ಕುಯ್ದ ಹೊಲ ಮಲಗಿದಲ್ಲೇ ಮತ್ತೆ ಪೈರಾಗುತ್ತಿತ್ತು. ನೋಡಲು ಚೆಂದವಿತ್ತು, ಅದೇ ಭಯವಾದದ್ದು.

ಅವಳು ತಲೆಗೆ ಗೊಬ್ಬರದ ಚೀಲ ಮಡಚಿ ಹಾಕಿಕೊಂಡು ಅರಿ ಮಗುಚುತ್ತಿದ್ದಳು. ನಾನೂ ಪಂಚೆ ಎತ್ತಿಕಟ್ಟಿ ಇಳಿದೆ. ಅಡಿಯ ತೆನೆಗಳು ಕಪ್ಪಾಗಿ ಲೋಳೆಯಾಗಿದ್ದವು, ಹಳೆಯ ಗೋಣಿಯ ವಾಸನೆ. ಇಬ್ಬರೂ ಒಂದು ಸಾಲು ಮಗುಚಿದೆವು.

"ನೀವ್ಯಾಕೆ ಅಪ್ಪಾಜಿ ಈ ವಯಸ್ನಾಗೆ," ಎಂದಳು. "ಊರ್ನೋರು ಏನೇನೋ ಅಂತಾವ್ರೆ. ನಾನ್ ಬುಡ್ಲಿಲ್ಲ. ಅದು ದಿಕ್ಕು ಬದ್ಲಾಯಿಸಿದ್ರೆ ಪಾಪ ಅವ್ರೇನ್ ಮಾಡಾರು, ಗೊತ್ತಾದ ತಕ್ಷಣ ಹೇಳವ್ರೆ ಅಂದೆ."

ಅವತ್ತೇ ಹೇಳಬಹುದಿತ್ತು. ಮಳೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಬಗ್ಗಿ ಇನ್ನೊಂದು ಅರಿ ಮಗುಚಿದೆ.

ಗುಬ್ಬಿಯ ಕಡೆಯವರಿಗೆ ಅರ್ಧಕ್ಕಿಂತ ಹೆಚ್ಚು ರಾಗಿ ಉಳಿದಿತ್ತು. ಬಿಸಿಲು ಬಂದ ಮೇಲೆ ಟ್ರ್ಯಾಕ್ಟರಿನವನು ಮನೆಗೇ ಬಂದು, ಒಂದು ಗೊನೆ ಎಳನೀರು ಇಳಿಸಿ, ನನ್ನ ಹೆಗಲಿಗೆ ಶಾಲು ಹಾಕಿ ಫೋಟೋ ತೆಗೆಸಿಕೊಂಡ. "ತಾತ, ನೀವು ಸಾಯಂಕಾಲ ಹೇಳ್ದೆ ಇದ್ದಿದ್ರೆ ನಾವು ಮಣ್ಣು ತಿನ್ಬೇಕಾಗಿತ್ತು. ನಾನ್ ಆಡ್ಕಂಡಿದ್ದು ಹೊಟ್ಟೆಗಾಕ್ಕಳಿ." ಆ ಫೋಟೋ ಗ್ರೂಪಿಗೆ ಹೋಯಿತು. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಯಾರೋ, "ಅಮೃತೂರ್ ಕಡೆ ಮೊಳ್ಕೆ ಬಂದೈತಂತೆ, ಸಿಟಿನಾಗೆ ಮೊಳ್ಕೆ ರಾಗೀಗೆ ಡಬಲ್ ರೇಟು," ಎಂದು ತಮಾಷೆ ಮಾಡಿದ. ಅವಳು ಅದಕ್ಕೆ ನಗುವ ಮುಖ ಹಾಕಿದ್ದಳು. ಫೋಟೋಕ್ಕೂ ಕೈಮುಗಿದಿದ್ದಳು. ನಾನು ಆ ಶಾಲನ್ನು ಮಡಚಿ ಬೀರುವಿನ ಅಡಿಗೆ ಹಾಕಿದೆ. ಅವತ್ತಿನಿಂದ ಗ್ರೂಪಿನಲ್ಲಿ ಇಲಾಖೆಯವರ ಸೂಚನೆಯನ್ನು ಇದ್ದ ಹಾಗೆ ಓದಿ ಹೇಳುತ್ತೇನೆ, ನನ್ನದೇನೂ ಸೇರಿಸುವುದಿಲ್ಲ. ಕೇಳುವವರು ಅದನ್ನು ವಿನಯ ಎಂದುಕೊಂಡಿದ್ದಾರೆ.

ಯುಗಾದಿ ಕಳೆದ ಮೇಲೆ ಒಂದು ದಿನ ಫೋನೂ ಮಾಡದೆ ಹೊರಟು ಅವಳ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಒಂದೇ ಹಸುವಿತ್ತು. ಕಪ್ಪು ಹಿಡಿದ ಹುಲ್ಲನ್ನು ಅದು ಮೂಸಿ ಮೂತಿ ತಿರುಗಿಸುತ್ತಿತ್ತು. ಇನ್ನೊಂದನ್ನು ಏನು ಮಾಡಿದಿರಿ ಎಂದು ನಾನು ಕೇಳಲಿಲ್ಲ. ಅವಳ ಅತ್ತೆ ಜಗಲಿಯಲ್ಲಿ ಕೂತು, "ಗೇಜಪ್ನೋರು ಬಂದವ್ರೆ ಕಣೇ," ಎಂದು ಒಳಕ್ಕೆ ಕೂಗಿದಳು.

ಊಟದ ಹೊತ್ತಾಗಿತ್ತು. ತಟ್ಟೆ ಇಟ್ಟು ಅನ್ನ ಬಡಿಸಿದಳು. ಒಲೆಯ ಪಕ್ಕದಲ್ಲಿ ಮುದ್ದೆ ಮುಚ್ಚಿಟ್ಟಿದ್ದು ಕಾಣುತ್ತಿತ್ತು.

"ನಂಗೂ ಮುದ್ದೆ ಇಕ್ಕವ್ವ," ಎಂದೆ.

"ಬ್ಯಾಡ ಅಪ್ಪಾಜಿ. ಅದು ಆ ರಾಗೀದು. ಆರಿಸಿ, ತೊಳ್ದು, ಒಣಗ್ಸಿ ಏನ್ ಮಾಡುದ್ರೂ ವಾಸ್ನೆ ಹೋಗಲ್ದು. ನಮ್ಗೆ ಅಭ್ಯಾಸ ಆಗೋಗೈತೆ. ನೆಂಟ್ರಿಗೆ ಅದ್ನ ಇಕ್ಕಕಾಯ್ತದಾ?"

ಅನ್ನದಲ್ಲಿ ಕೈಯಿಟ್ಟವನು ಹಾಗೇ ನಿಲ್ಲಿಸಿದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನು ಬಿಟ್ಟು ಇದ್ದದ್ದನ್ನೇ ಹೇಳಿದೆ.

"ಅದು ದಿಕ್ಕು ಬದಲಾಯಿಸಲಿಲ್ಲ ಕಣವ್ವ. ಅವತ್ತು ಬೆಳಿಗ್ಗೆಯೇ ಮುಳ್ಳು ಬಿದ್ದಿತ್ತು. ನಾನು ನೋಡಿದ್ದೆ. ಜನ ನಗ್ತಾರೆ ಅಂತ ಹೇಳಲಿಲ್ಲ."

ಅವಳು ಸೌಟು ಹಿಡಿದು ನಿಂತಿದ್ದಳು. ಜಗಲಿಯಲ್ಲಿ ಅತ್ತೆ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

"ನಾನು ಫೋನ್ ಮಾಡ್ದಾಗ?"

"ಮುಳ್ಳಿನ ಮುಂದೆಯೇ ನಿಂತಿದ್ದೆ."

ಅವಳು ಸೌಟು ಕೆಳಗಿಟ್ಟಳು. ಬಗ್ಗಿ ನನ್ನ ಮುಂದಿನ ತಟ್ಟೆಯನ್ನು ತೆಗೆದುಕೊಂಡಳು. ಎದ್ದು ಹೋಗು ಎಂದು ಹೇಳುತ್ತಾಳೆಂದುಕೊಂಡು ಕೈ ನೆಲಕ್ಕೆ ಊರಿದೆ. ಅವಳು ಅನ್ನವನ್ನು ಪಾತ್ರೆಗೆ ವಾಪಸ್ಸು ಸುರಿದು, ಮುಚ್ಚಿಟ್ಟಿದ್ದನ್ನು ತೆಗೆದು, ಒಂದು ಮುದ್ದೆಯನ್ನು ತಟ್ಟೆಗೆ ಹಾಕಿ, ಸಾರು ಬಿಟ್ಟು ನನ್ನ ಮುಂದೆ ಇಟ್ಟಳು.

ಮುದ್ದೆ ಕಪ್ಪಗಿತ್ತು. ಮೊಳೆತ ಕಾಳಿನ ಹಿಟ್ಟಿಗೆ ಜಿಗುಟಿರುವುದಿಲ್ಲ, ಮುರಿದರೆ ಪುಡಿಪುಡಿಯಾಗಿ ಉದುರುತ್ತದೆ. ಸಾರಿನಲ್ಲಿ ಅದ್ದಿ ಬಾಯಿಗಿಟ್ಟಾಗ ಆ ಹೊಲದಲ್ಲಿ ಬಗ್ಗಿದ್ದಾಗ ಬಂದ ಅದೇ ವಾಸನೆ ಮೂಗಿಗೇರಿತು. ನುಂಗಿದೆ. ಇನ್ನೊಂದು ತುತ್ತು ಮುರಿದೆ. ಅವಳು ಗೋಡೆಗೆ ಒರಗಿ ನಿಂತು, ನಾನು ಕೊನೆಯ ತುತ್ತು ನುಂಗುವವರೆಗೂ ನೋಡಿದಳು.

"ಇನ್ನರ್ಧ ಇಕ್ಲಾ?" ಎಂದಳು.

"ಇಕ್ಕವ್ವ," ಎಂದೆ.